ಹಕ್ಕಲು

ಸ್ಟೀಲಿನ ಡಬ್ಬಿಯಿಂದ ನಾಗವೇಣಿ ಎತ್ತಿದ ಚೀಟಿಯಲ್ಲಿ ಒಂದೇ ಒಂದು ಪದವಿತ್ತು: ಗ್ಲೀನ್.

ಮಾನ್ವಿಯ ಆ ಶಾಲೆಗೆ ಇಂಗ್ಲಿಷ್ ಟೀಚರ್ ಬೇಕಾಗಿದ್ದರು. ಬಂದವರು ಒಂದು ಚೀಟಿ ಎತ್ತಬೇಕು, ಅದರಲ್ಲಿರುವ ಪದವನ್ನು ಎಂಟನೇ ತರಗತಿಯ ಮಕ್ಕಳಿಗೆ ಕಲಿಸಬೇಕು. ಇಪ್ಪತ್ತು ನಿಮಿಷದೊಳಗೆ ಯಾವುದಾದರೂ ಮಗು ಆ ಪದ ಹಾಕಿ ತನ್ನದೇ ಒಂದು ವಾಕ್ಯ ಹೇಳಿದರೆ ಕೆಲಸ ಸಿಕ್ಕಂತೆ. ಹೆಡ್ ಮೇಡಂ ವಾಹಿದಾ ಅವರ ನಿಯಮ ಇದು. ಅವರ ಪಕ್ಕದಲ್ಲಿ ಶಾಲೆಯ ಕಾರ್ಯದರ್ಶಿ ವಿರೂಪಣ್ಣನವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಎರಡು ರೈಸ್ ಮಿಲ್ಲು, ಹೊಳೆದಂಡೆಯಲ್ಲಿ ಕಣ್ಣು ಹಾಯುವಷ್ಟು ಗದ್ದೆ ಇರುವ ಮನುಷ್ಯ. ಬೆಳಿಗ್ಗೆಯಿಂದ ಇಬ್ಬರು ಸೋತು ಹೋಗಿದ್ದನ್ನು ನೋಡಿ ಅವರಿಗೆ ಆಕಳಿಕೆ ಬರುತ್ತಿತ್ತು.

ಪದ ನಾಗವೇಣಿಗೆ ಗೊತ್ತಿತ್ತು. ಗೊತ್ತಿಲ್ಲದ ಪದಗಳೇ ಕಡಿಮೆ. ಬಿ.ಎಡ್. ಮುಗಿಸಿ ನಾಲ್ಕು ವರ್ಷ ಅವಳು ದೇವದುರ್ಗದ ಝರಾಕ್ಸ್ ಅಂಗಡಿಯೊಂದರಲ್ಲಿ ಮಷೀನಿನ ಮುಂದೆ ನಿಂತವಳು. ಪರೀಕ್ಷೆಗೆ ಓದುವ ಹುಡುಗರು ದಪ್ಪ ದಪ್ಪ ಇಂಗ್ಲಿಷ್ ಗೈಡುಗಳನ್ನು ತಂದು ಝರಾಕ್ಸ್ ಮಾಡಿಸುತ್ತಿದ್ದರು. ಸೊಟ್ಟಗೆ ಬಂದ, ಮಸಿ ಮೆತ್ತಿ ಕೆಟ್ಟ ಹಾಳೆಗಳು ಬುಟ್ಟಿಗೆ ಬೀಳುತ್ತಿದ್ದವು. ಅವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ತನ್ನೂರು ಜಾಲಹಳ್ಳಿಯ ಬಸ್ಸಿನಲ್ಲಿ ದಿನಕ್ಕೆ ಐದು ಪದದಂತೆ ಬಾಯಿಪಾಠ ಮಾಡಿದಳು. ಕಿಟಕಿ ಪಕ್ಕ ಸೀಟು ಸಿಕ್ಕ ದಿನ ಏಳು.

ಆದರೆ ಕೆಟ್ಟ ಹಾಳೆಯ ವಿದ್ಯೆ ಒಮ್ಮೆ ಕೈ ಕೊಟ್ಟಿತ್ತು. ಒಂದು ಹಾಳೆಯಲ್ಲಿ ‘ಬಿಝಾರ್’ ಎಂಬ ಪದವಿತ್ತು, ಅದರ ಅರ್ಥವಿದ್ದ ಕಡೆ ಪೂರ್ತಿ ಕಪ್ಪು. ನೋಡಿದರೆ ನಮ್ಮ ಬೇಜಾರಿನ ಒಡಹುಟ್ಟಿನ ಹಾಗೇ ಇದೆಯಲ್ಲ ಎಂದು ಇವಳು ಧೈರ್ಯವಾಗಿ ಬೇಜಾರು ಎಂದೇ ಬರೆದುಕೊಂಡಳು. ಹೋದ ವರ್ಷ ರಾಯಚೂರಿನ ಶಾಲೆಯೊಂದರ ಸಂದರ್ಶನದಲ್ಲಿ, ಬಸ್ ಪ್ರಯಾಣ ಹೇಗಿತ್ತೆಂದು ಕೇಳಿದಾಗ ‘ವೆರಿ ಬಿಝಾರ್ ಸರ್’ ಎಂದುಬಿಟ್ಟಳು. ಬಹಳ ವಿಚಿತ್ರವಾಗಿತ್ತು ಎಂದ ಹಾಗಾಯಿತು. ಬಸ್ಸಿಗೇನು ರೆಕ್ಕೆ ಬಂದಿತ್ತೇ ಎಂದು ಒಬ್ಬರು ಕೇಳಿದರು, ಮಿಕ್ಕವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಅವಳ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. ಇದೇ ಕೊನೆಯ ಸಲ, ಆಗದಿದ್ದರೆ ಇನ್ನು ಇಂಗ್ಲಿಷಿನ ಸುದ್ದಿಗೇ ಹೋಗುವುದಿಲ್ಲ ಎಂದು ಬೆಳಿಗ್ಗೆ ತಾಯಿ ಗೋಪಮ್ಮನಿಗೆ ಹೇಳಿಯೇ ಬಸ್ಸು ಹತ್ತಿದ್ದಳು.

ಬೋರ್ಡಿನ ಮೇಲೆ ಪದ ಬರೆದು, ಗ್ಲೀನ್ ಎಂದರೆ ಸಂಗ್ರಹಿಸು ಎಂದಳು. ಮಕ್ಕಳು ಒಕ್ಕೊರಲಿನಿಂದ ಸಂಗ್ರಹಿಸು ಎಂದು ಕೂಗಿ ಸುಮ್ಮನಾದರು. ಮತ್ತೆ ಹೇಳಿಸಿದಳು, ಮತ್ತೆ ಕೂಗಿದರು. ವಾಕ್ಯ ಮಾಡಿ ಎಂದರೆ ಎಲ್ಲರೂ ತಲೆ ಬಗ್ಗಿಸಿದರು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಆಗಲೇ ಮುಗಿದಿತ್ತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಂಗ್ರಹಿಸು ಅಂದ್ರ ಏನ್ರಿ ಮಿಸ್?” ಎಂದಳು.

ಗೈಡಿನ ಹಾಳೆಯಲ್ಲಿ ಗ್ಲೀನ್ ಪದಕ್ಕೆ ಇನ್ನೊಂದು ಅರ್ಥವೂ ಇತ್ತು, ಸಂಗ್ರಹಿಸುವುದಕ್ಕಿಂತ ಹಳೆಯದು: ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದದ್ದನ್ನು ಆಯುವುದು. ಅದನ್ನು ಓದಿದ ದಿನ ನಾಗವೇಣಿ ಬೇಗ ಹಾಳೆ ಮಡಚಿದ್ದಳು. ಏಳನೇ ತರಗತಿಯವರೆಗೂ ತಾಯಿಯ ಬೆನ್ನ ಹಿಂದೆ ಬಗ್ಗಿ, ಕಂಡವರ ಹೊಲದಲ್ಲಿ ಶೇಂಗಾ ಹಕ್ಕಲು ಆಯ್ದವಳು ಅವಳು. ಹೊಲದ ಆಳು ಬೈದರೆ ಉಡಿ ಬಿಗಿಹಿಡಿದು ಓಡಿದವಳು. ಆ ಮಾತನ್ನು ಇಂಗ್ಲಿಷಿನೊಳಕ್ಕೆ ತರಬಾರದು ಎಂದೇ ಇಷ್ಟು ಪದ ಕಲಿತದ್ದು. ಅದೂ ಗದ್ದೆಯ ಧಣಿ ಎದುರಿಗೇ ಕೂತಿರುವಾಗ.

ಸೀಮೆಸುಣ್ಣ ಕೆಳಗಿಟ್ಟಳು.

“ಶೇಂಗಾ ಕಿತ್ತ ಹೊಲದಾಗ ಹಕ್ಕಲ ಆಯಾಕ ಯಾರ್ಯಾರು ಹೋಗೀರಿ?”

ಒಂದು ಕೈ ಎದ್ದಿತು. ಆಮೇಲೆ ನಾಲ್ಕು, ಆಮೇಲೆ ಅರ್ಧ ತರಗತಿ. ಇಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಕಡ್ಡಿಯಿಂದ ಕೆದರಬೇಕು, ಮಳೆ ಬಂದ ಮರುದಿನ ಹೆಚ್ಚು ಸಿಗುತ್ತದೆ, ನಮ್ಮವ್ವ ಒಂದು ಚೀಲ ತಂದಿದ್ದಳು.

ವಿರೂಪಣ್ಣನವರು ಕಾಲು ಇಳಿಸಿದರು. “ಇಂಗ್ಲಿಷ್ ಪಾಠದಾಗ ಹಕ್ಕಲ ಎಲ್ಲಿಂದ ಬಂತ್ರಿ, ಟೀಚರ್?”

“ಮೊದ್ಲಿಂದನೂ ಅದರಾಗ ಅದರಿ ಸರ್,” ಎಂದಳು ನಾಗವೇಣಿ. “ಈ ಪದ ಹೊಲದಾಗ ಹುಟ್ಟಿದ್ದು. ಆಮ್ಯಾಲ ಪುಸ್ತಕಕ್ಕ ಬಂತು. ನಾನೂ ಹಂಗ ಬಂದಾಕಿರಿ.”

ಮಕ್ಕಳ ಕಡೆ ತಿರುಗಿ, ಝರಾಕ್ಸ್ ಬುಟ್ಟಿಯ ಕೆಟ್ಟ ಹಾಳೆಗಳ ಕಥೆ ಹೇಳಿದಳು. ಬಿಝಾರ್ ಕಥೆಯನ್ನೂ ಬಿಡಲಿಲ್ಲ. ಮಕ್ಕಳು ನಕ್ಕರು, ಈ ಸಲ ಅವಳೂ ಜೊತೆಗೆ ನಕ್ಕಳು. ಕಾಳನ್ನು ಆಯ್ದ ಹಾಗೆ ಮಾತನ್ನೂ ಅಲ್ಲಿಷ್ಟು ಇಲ್ಲಿಷ್ಟು ಆಯಬಹುದು, ಅದೂ ಗ್ಲೀನ್ ಎಂದಳು. “ಐ ಗ್ಲೀನ್ಡ್ ಮೈ ಇಂಗ್ಲಿಷ್.”

ಇನ್ನು ಎರಡು ನಿಮಿಷ ಇತ್ತು. ಕೊನೆಯ ಬೆಂಚಿನ ಅದೇ ಹುಡುಗಿ ಎದ್ದಳು. ಒಂದೊಂದೇ ಪದವನ್ನು ನೆಲದಿಂದ ಹೆಕ್ಕಿದಂತೆ ಹೇಳಿದಳು: “ಮೈ ಗ್ರ್ಯಾಂಡ್‌ಮದರ್ ಗ್ಲೀನ್ಡ್ ಪ್ಯಾಡಿ... ಇನ್ ಸರ್ಸ್ ಫೀಲ್ಡ್.” ಅವಳ ಬೆರಳು ವಿರೂಪಣ್ಣನವರ ಕಡೆಗಿತ್ತು.

ಯಾರ ಮೊಮ್ಮಗಳೆಂದು ಅವರು ಕೇಳಿದರು. ಚೀಕಲಪರ್ವಿಯ ಯಂಕಮ್ಮನ ಮೊಮ್ಮಗಳು ಸ್ವಪ್ನಾ ಎಂದು ಹುಡುಗಿ ಹೇಳಿದಳು. ಪ್ರತಿ ಸುಗ್ಗಿಗೂ ತಮ್ಮ ಗದ್ದೆಗೆ ಬರುತ್ತಿದ್ದ ಯಂಕಮ್ಮ ಅವರಿಗೆ ನೆನಪಾದಳು.

“ಖರೇ ಅದ,” ಎಂದರು. “ವಾಕ್ಯನೂ ಖರೇ ಅದ ಏನ್ರಿ ಮೇಡಂ?”

“ವ್ಯಾಕರಣದಾಗ ಒಂದೂ ತಪ್ಪಿಲ್ರಿ,” ಎಂದ ವಾಹಿದಾ ಪೆನ್ನಿನ ಮುಚ್ಚಳ ಹಾಕಿ, ಸೋಮವಾರದಿಂದ ಬರುವಂತೆ ನಾಗವೇಣಿಗೆ ಹೇಳಿದರು.

ಎರಡು ಬಸ್ಸು ಬದಲಿಸಿ, ಧೂಳು ಕುಡಿದು ಊರಿಗೆ ಬಂದಳು. ದಾರಿಯುದ್ದಕ್ಕೂ ನಿಂತೇ ಬಂದರೂ ಬೇಜಾರೂ ಆಗಲಿಲ್ಲ, ಬಿಝಾರೂ ಆಗಲಿಲ್ಲ. ಗೋಪಮ್ಮ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗಳು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಅವಳ ಕೈ ನಿಂತಿತ್ತು.

“ಹಕ್ಕಲಕ್ಕೂ ಇಂಗ್ಲಿಷ್ ಅದ ಏನಬೇ?”

“ಅದ ಯವ್ವಾ. ಗ್ಲೀನ್.”

“ಹಂಗಾರ ಇಷ್ಟು ವರ್ಷ ನಾ ಮಾಡಿದ್ದು ಇಂಗ್ಲಿಷ್ ಕೆಲಸನ ಅನ್ನು,” ಎಂದು ಗೋಪಮ್ಮ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, ಆ ಪದವನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದಳು. ಆಮೇಲೆ ಮೊರದ ಅಂಚು ದಾಟಿ ನೆಲಕ್ಕೆ ಬಿದ್ದಿದ್ದ ನಾಲ್ಕು ಕಾಳುಗಳನ್ನು ಒಂದೊಂದಾಗಿ ಆಯ್ದು ಮೊರಕ್ಕೆ ಹಾಕಿದಳು.