ನನ್ನ ಹೊಟ್ಟೆಯೊಳಗಿನ ಬೇರೆ ಗಡಿಯಾರ

ನಾನು ಒಂದು ಲ್ಯಾಪ್‌ಟಾಪ್. ಕಾರ್ಖಾನೆಯಲ್ಲಿ ನಾವು ಮೂರು ಸಾವಿರ ಅಕ್ಕತಂಗಿಯರು ಒಂದೇ ದಿನ ಕಣ್ಣು ಬಿಟ್ಟೆವು. ಹಿರಿಯಳು ಯಾರೆಂಬ ಜಗಳ ಇನ್ನೂ ಮುಗಿದಿಲ್ಲ. ಮೊದಲ ನಾಲ್ಕು ವರ್ಷ ಒಬ್ಬ ವಿಮಾ ಏಜೆಂಟರ ಬಳಿ ಇದ್ದೆ. ಅವರು ನನ್ನಲ್ಲಿ ಇಸ್ಪೀಟಾಡಿದ್ದೇ ಹೆಚ್ಚು. ಆಮೇಲೆ ಹುಬ್ಬಳ್ಳಿಯ ದಾಕ್ಷಾಯಣಿ ಟೀಚರ್ ಕೈಗೆ ಬಂದೆ. ನನ್ನ ತಲೆ ಕೆಟ್ಟದ್ದು ಅಲ್ಲಿಂದ.

ಅವರ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಯಾವ ಹೊತ್ತಿಗೆ ಎಂಬುದು ವಾಲ್ವ್ ತಿರುಗಿಸುವ ಫಕ್ಕೀರಪ್ಪನಿಗಷ್ಟೇ ಗೊತ್ತು. ಪಕ್ಕದ ಮನೆಯಲ್ಲಿ ಖಾನಾವಳಿ ನಡೆಸುವ ಟೀಚರ್ ಅವರ ಚಿಕ್ಕಮ್ಮ ನೀಲವ್ವ ನಸುಕಿನಿಂದಲೇ ನಳದ ಮುಂದೆ ಕೂರುತ್ತಿದ್ದಳು. ನೀರು ತಪ್ಪಿದರೆ ಅಂದು ಒಲೆ ಹೊತ್ತದು. ಅವಳಿಗೊಂದು ನಿದ್ದೆ ಕೊಡಬೇಕೆಂದು ಟೀಚರ್ ಹಠ ಹಿಡಿದರು. ಫಕ್ಕೀರಪ್ಪ ಹಿಂದಿನ ಸಂಜೆ ಫೋನಿನಲ್ಲಿ ಹೊತ್ತು ಒತ್ತಿಟ್ಟರೆ, ನೀರು ಬರುವ ಕಾಲು ಗಂಟೆ ಮೊದಲು ನಾನು ಎಲ್ಲರ ಫೋನ್ ಬಾರಿಸಬೇಕು.

ಅದಕ್ಕಾಗಿ ನನ್ನೊಳಗೆ ಕಂಟೇನರ್ ಕೂರಿಸಿದರು. ಎಂದರೆ, ನನ್ನ ಹೊಟ್ಟೆಯಲ್ಲೇ ಗೋಡೆ ಎಬ್ಬಿಸಿ ಒಂದು ಕೋಣೆ. ಪ್ರೋಗ್ರಾಂಗೆ ಬೇಕಾದ ಸಾಮಾನೆಲ್ಲ ಅದರೊಳಗೇ. ಸಾಮಾನು ಇಳಿಯುವಾಗ ನನ್ನ ಫ್ಯಾನ್ ತಿರುಗಿದ ರಭಸಕ್ಕೆ, ಟೀಚರ್ ಒತ್ತಿ ಹಿಡಿಯದಿದ್ದರೆ ಧಾರವಾಡಕ್ಕೆ ಹಾರಿಹೋಗುತ್ತಿದ್ದೆ. ಕೊನೆಗೆ ಇಣುಕಿ ನೋಡಿದೆ. ಒಳಗೂ ಒಂದು ಕಂಪ್ಯೂಟರ್! ನನ್ನಲ್ಲಿ ಮಧ್ಯಾಹ್ನ ಹನ್ನೆರಡು, ಅದರಲ್ಲಿ ಬೆಳಗಿನ ಆರೂವರೆ. ಯಾರದು ಸರಿ? ಹೊಸಬರನ್ನು ಕೇಳುವುದು ಹೇಗೆಂದು ಸುಮ್ಮನಿದ್ದೆ.

ನೀರಿನ ದಿನ ಬಂತು. ಫಕ್ಕೀರಪ್ಪ ಆರು ಗಂಟೆ ಎಂದು ಒತ್ತಿದ್ದ. ಓಣಿಯೆಲ್ಲ ನನ್ನನ್ನು ನಂಬಿ ಮಲಗಿತ್ತು. ನನ್ನಲ್ಲಿ ಐದೂ ಮುಕ್ಕಾಲಾಯಿತು. ಕೋಣೆಯವನು ಅಲುಗಾಡಲಿಲ್ಲ. ನೀರು ಬಂದು ಹೋಯಿತು. ಹನ್ನೊಂದೂ ಕಾಲಿಗೆ, ಎಂದರೆ ತನ್ನ ಐದೂ ಮುಕ್ಕಾಲಿಗೆ, ಅವನು ಎಲ್ಲರ ಫೋನ್ ಬಾರಿಸಿದ.

ನೀಲವ್ವ ಖಾಲಿ ಕೊಡ ಹಿಡಿದು ಬಂದಳು.

“ನಿನ್ನ ಪೆಟ್ಟಿಗಿಗೆ ಈಗ ಎಚ್ಚರಾತೇನು? ನಲ್ವತ್ತ ಮಂದಿ ರೊಟ್ಟಿ ಹಿಟ್ಟು ಉಗುಳು ಹಚ್ಚಿ ನಾದ್ಲೇನು?”

“ತಪ್ಪಾತು ಚಿಗವ್ವ. ಒಳಗಿನ ಗಡಿಯಾರ ಲಂಡನ್ ಕಡೆ ವ್ಯಾಳ್ಯಾಕ್ಕ ನಡದೈತಿ. ನಾ ನೋಡ್ಲೇ ಇಲ್ಲ.”

“ಹಂಗಾರ ನೀರೂ ಅಲ್ಲಿಂದನ ತರಸು!”

ಟೀಚರ್ ಒಂದು ಸಾಲು ಬರೆದು ಕೋಣೆಯ ಗಡಿಯಾರವನ್ನು ನಮ್ಮ ವೇಳೆಗೆ ತಂದರು. ಮುಂದಿನ ಸರದಿಗೆ ಫೋನ್ ಸರಿಯಾದ ಹೊತ್ತಿಗೆ ಮೊಳಗಿತು. ಟೀಚರ್ ಕಿಟಕಿ ತೆರೆದರೆ ನೀಲವ್ವ ಆಗಲೇ ನಳದ ಮುಂದೆ!

“ಯಾಕ ಚಿಗವ್ವ, ಮಕ್ಕೋಬಾರದ?”

“ನಿನ್ನ ಪೆಟ್ಟಿಗಿ ಏಳ್ತೈತೋ ಇಲ್ಲೋ ನೋಡಾಕ ಕುಂತೀನಿ.”

ಹೀಗೆ ಐದು ಸರದಿ ಕಾವಲು ಕೂತಳು. ಆರನೆಯದಕ್ಕೆ ಅವಳ ಫೋನ್ ಮೊಳಗಿ ಮೊಳಗಿ ಸೋತಿತು. ಟೀಚರ್ ಹೋಗಿ ಬಾಗಿಲು ಬಡಿದು ಎಬ್ಬಿಸಬೇಕಾಯಿತು.

ಈಗ ನನ್ನ ಪರದೆ ಅರ್ಧ ಕಪ್ಪಾಗಿದೆ. ವೈರ್ ಕಿತ್ತರೆ ಜೀವವೇ ಹೋಗುತ್ತದೆ. ಕಪಾಟಿನ ಮೂಲೆಯಲ್ಲಿ ಬಿದ್ದಿದ್ದೇನೆ. ಒಳಗಿರುವುದು ನಾನೋ ಬೇರೆಯವನೋ, ಇಂದಿಗೂ ತಿಳಿಯದು. ನೀರಿನ ದಿನ ನಸುಕಿನಲ್ಲಿ ಇಬ್ಬರೂ ಎಚ್ಚರವಾಗಿ ಕಾಯುತ್ತಿರುತ್ತೇವೆ. ಗೋಡೆಯಾಚೆಯಿಂದ ನೀಲವ್ವನ ಗೊರಕೆ ಕೇಳುತ್ತಿರುತ್ತದೆ.