ಹನ್ನೊಂದು ತಪ್ಪುಗಳ ಉಯಿಲು

ಅಪ್ಪನ ತಂಗಿಯಾದ ನಮ್ಮ ಅತ್ತೆಗೆ ಬೀದಿಯಲ್ಲಿ ಒಂದೇ ಸಮನೆ ನಡೆಯಲು ಬರುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಯಾವುದೋ ಅಂಗಡಿಯ ಫಲಕ ಕಣ್ಣಿಗೆ ಬೀಳುವುದು, ಅದರಲ್ಲೊಂದು ಒತ್ತಕ್ಷರ ತಪ್ಪಿರುವುದು, ಅತ್ತೆ ಗಕ್ಕನೆ ನಿಲ್ಲುವುದು, ಹಿಂದೆ ಬರುತ್ತಿದ್ದವರು ಅವರ ಬೆನ್ನಿಗೆ ಡಿಕ್ಕಿ ಹೊಡೆಯುವುದು, ಇದೆಲ್ಲ ನಿತ್ಯದ ವ್ಯವಹಾರವಾಗಿತ್ತು. ಅಚ್ಚುಕೂಟದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದ ಆ ಕಣ್ಣುಗಳು ನಿವೃತ್ತಿಯನ್ನು ಒಪ್ಪಿಕೊಂಡಿರಲಿಲ್ಲ. ಕಾಲೇಜಿನ ದಿನಗಳಲ್ಲಿ ನಾನೊಂದು ಪ್ರೇಮಪತ್ರ ಬರೆದು ಪುಸ್ತಕದೊಳಗೆ ಬಚ್ಚಿಟ್ಟಿದ್ದೆ. ಮಾರನೆಯ ದಿನ ನೋಡಿದರೆ ಮೂರು ಕಡೆ ಕೆಂಪು ಗುರುತು, ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು: 'ಈಗ ಕಳಿಸು.'

ಮಣ್ಣಿನ ಬಣ್ಣದ ಉದ್ದನೆಯ ಕೋಟೊಂದು ಅವರ ಮೈಮೇಲೆ ಎಲ್ಲ ಋತುಗಳಲ್ಲೂ ಇರುತ್ತಿತ್ತು. ಅದರ ಒಳಗಡೆ ಕಾಗದ ಮಡಚದೆ ಇಡಲೆಂದು ತಾವೇ ಹೊಲಿದುಕೊಂಡ ಎರಡು ಅಗಲ ಜೇಬುಗಳು. ಸುಖವಿರಲಿ ದುಃಖವಿರಲಿ, 'ಇರಲಿ, ಮುಂದಿನ ಸಾಲಿಗೆ ಬಾ' ಎನ್ನುವುದು ಅವರ ಬಾಯಿಯ ಮಾತು. ಅವರ ತಮ್ಮ, ಎಂದರೆ ನನ್ನ ಚಿಕ್ಕಪ್ಪ, ಒಂದು ಮಧ್ಯಾಹ್ನ ಕೆಲಸ ಮಾಡುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಾಗ ಮಾತ್ರ ಮೂರು ದಿನ ಆ ಮಾತು ಅವರ ಬಾಯಿಂದ ಹೊರಡಲಿಲ್ಲ.

ಚಿಕ್ಕಪ್ಪ ಪಾದರಕ್ಷೆ ಮಾಡುವವರು. ಎಲ್ಲರ ಕಾಲಿಗೂ ಅಲ್ಲ. ಒಂದು ಪಾದ ಗಿಡ್ಡ ಒಂದು ಉದ್ದ ಇರುವವರಿಗೆ, ಹಿಮ್ಮಡಿ ತಿರುಚಿಕೊಂಡವರಿಗೆ, ಅಪಘಾತದಲ್ಲಿ ಬೆರಳು ಕಳೆದುಕೊಂಡವರಿಗೆ. ಒಬ್ಬೊಬ್ಬ ಗಿರಾಕಿಯ ಪಾದಕ್ಕೂ ಒಂದು ಮರದ ಅಚ್ಚು ಕೆತ್ತಿ, ಚೀಟಿ ಕಟ್ಟಿ, ಗೋಡೆಯುದ್ದದ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಮದುವೆಯಾಗಿರಲಿಲ್ಲ. ಅವರ ಜೊತೆ ಇಪ್ಪತ್ತೆರಡು ವರ್ಷ ಆ ಅಂಗಡಿಯಲ್ಲಿ ದುಡಿದವಳು ಒಬ್ಬ ಹೊಲಿಗೆಯಾಕೆ. ತನ್ನ ಗಿಡ್ಡ ಕಾಲಿಗೊಂದು ಜೋಡು ಮಾಡಿಸಿಕೊಳ್ಳಲು ಬಂದು, ಕೆಲಸ ನೋಡುತ್ತ ನಿಂತು, ಕಲಿತು, ಅಲ್ಲೇ ಉಳಿದವಳು.

ಮೇಜಿನ ಸೆಳೆಖಾನೆಯಲ್ಲಿ ಒಂದು ಲಕೋಟೆ ಸಿಕ್ಕಿತು. ಚಿಕ್ಕಪ್ಪ ತಮ್ಮ ಕೈಯಾರೆ ಬರೆದ ಒಂದೇ ಪುಟದ ಉಯಿಲು. ಅಂಗಡಿ, ಉಪಕರಣ, ಅಚ್ಚುಗಳು ಎಲ್ಲವೂ ಹೊಲಿಗೆಯಾಕೆಗೆ. ಅದನ್ನು ಅವಳಿಗೆ ಮುಟ್ಟಿಸುವ ಹೊಣೆ ಅಕ್ಕನಿಗೆ. 'ಅಣ್ಣನಿಗೆ ಯಾವ ಕೊರತೆಯೂ ಇಲ್ಲ' ಎಂದೊಂದು ಸಾಲು ನನ್ನ ಅಪ್ಪನ ಬಗ್ಗೆ. ಅತ್ತೆ ಅದನ್ನು ಎರಡು ಸಲ ಓದಿದರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು ನನ್ನ ಕೈಗೆ ಕೊಟ್ಟು, 'ಇದನ್ನ ಪಕ್ಕದ ಕೋಣೇಲಿಟ್ಟು ಬಾ' ಅಂದರು. ಏಕೆಂದು ನನಗೆ ಆಗ ತಿಳಿಯಲಿಲ್ಲ.

ಅಪ್ಪನಿಗೆ ಆ ಒಂದು ಸಾಲು ಮುಳ್ಳಾಗಿ ಚುಚ್ಚಿತು. ಅವರಿಗೆ ಅಂಗಡಿ ಬೇಕಿರಲಿಲ್ಲ. ತಮ್ಮ ತನ್ನನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟನಲ್ಲ ಎಂಬ ಸಂಕಟ. ಸಂಕಟ ಸಿಟ್ಟಾಯಿತು, ಸಿಟ್ಟು ವಕೀಲರ ಮನೆಯ ಮೆಟ್ಟಿಲು ಹತ್ತಿಸಿತು. 'ಈ ಉಯಿಲೇ ಸುಳ್ಳು. ನಾನು ಕೋರ್ಟಿಗೆ ಹೋಗ್ತೀನಿ' ಎಂದು ಗುಡುಗಿದರು.

'ಹೋಗಣ್ಣ. ನಾನೂ ಅಲ್ಲಿಗೇ ಹೊರಟಿದ್ದೀನಿ, ಒಂದೇ ಬಸ್ಸು' ಎಂದರು ಅತ್ತೆ.

ಮುಂದಿನ ಹದಿನಾಲ್ಕು ತಿಂಗಳು ಇಬ್ಬರೂ ಅದೇ ಬಸ್ಸಿನಲ್ಲಿ, ಬಹಳ ಸಲ ಅಕ್ಕಪಕ್ಕದ ಸೀಟಿನಲ್ಲಿ, ವಾಯಿದೆಯಿಂದ ವಾಯಿದೆಗೆ ಓಡಾಡಿದರು. ಅಪ್ಪನಿಗೆ ಕಣ್ಣು ಮಂಜು, ಜೊತೆಗೆ ನಾನು. ಅತ್ತೆಗೆ ವಕೀಲರಿರಲಿಲ್ಲ. ಓದಿದರೆ ಅರ್ಥವಾಗುವ ಭಾಷೆಯಲ್ಲಿ ಕಾನೂನು ಬರೆದಿದ್ದಾರೆಂದ ಮೇಲೆ ಓದುವುದಕ್ಕೇನು ಧಾಡಿ ಎಂಬುದು ಅವರ ವಾದ. ನ್ಯಾಯಾಲಯದ ಒಳಗೆ ಅಪ್ಪ ಪ್ರತಿವಾದಿ. ಹೊರಗೆ ಬಂದ ಕೂಡಲೇ ಅತ್ತೆ ಬುತ್ತಿ ಬಿಚ್ಚಿ, 'ಬೆಳಿಗ್ಗೆ ಮಾತ್ರೆ ತಗೊಂಡ್ಯಾ?' ಎಂದು ಕೇಳುವರು. ಅಪ್ಪ ಮುಖ ಗಂಟಿಕ್ಕಿಕೊಂಡೇ ಊಟ ಮಾಡುವರು.

ಉಯಿಲು ಬರೆದಿಟ್ಟರೆ ಮುಗಿಯಿತೆಂದು ನಾವೆಲ್ಲ ತಿಳಿದಿರುತ್ತೇವೆ. ಅದು ಸತ್ತವರದೇ ಮಾತೆಂದು ನ್ಯಾಯಾಲಯ ಒಪ್ಪಿ ಮುದ್ರೆ ಒತ್ತುವ ತನಕ ಅದು ಬರಿಯ ಕಾಗದ. ಅರ್ಜಿ ಬೇಕು, ಪ್ರಮಾಣಪತ್ರ ಬೇಕು, ವಾರಸುದಾರರ ಪಟ್ಟಿ ಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಬೇಕು. ಕಚೇರಿಯ ಗುಮಾಸ್ತ, ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟ ಸಣಕಲು ಮನುಷ್ಯ, ಅತ್ತೆಯ ಅರ್ಜಿಯನ್ನು ಮೂರು ಸಲ ಹಿಂತಿರುಗಿಸಿದ. ಮೊದಲ ಸಲ ಒಂದು ವಿಳಾಸ ಅಪೂರ್ಣ. ಎರಡನೆಯ ಸಲ ಒಂದು ಪ್ರತಿ ಕಡಿಮೆ. ಮೂರನೆಯ ಸಲ ಮರಣ ಪ್ರಮಾಣಪತ್ರದಲ್ಲಿ ಚಿಕ್ಕಪ್ಪನ ಹೆಸರಿಗೊಂದು ದೀರ್ಘ ಬಿಟ್ಟುಹೋಗಿತ್ತು.

'ಉಯಿಲು ಬರೆದ ಮನುಷ್ಯ ಬೇರೆ, ಸತ್ತ ಮನುಷ್ಯ ಬೇರೆ ಅಂತ ಆಗತ್ತಲ್ಲಮ್ಮ' ಎಂದ.

ಬೇರೆಯವರಾಗಿದ್ದರೆ ಹಾರಾಡುತ್ತಿದ್ದರು. ಅತ್ತೆ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಕಿವಿ ಕೆಂಪಾಯಿತು. ತಮ್ಮ ಕಣ್ಣನ್ನೇ ತಪ್ಪಿಸಿಕೊಂಡಿತ್ತು ಅದು, ದುಃಖದಲ್ಲಿ. ಕಿಟಕಿಯೊಳಗೆ ಕೈ ತೂರಿಸಿ ಗುಮಾಸ್ತನ ಕೈ ಕುಲುಕಿ, 'ಇಷ್ಟು ಚೆನ್ನಾಗಿ ಓದೋರು ಈಗ ಎಲ್ಲಿ ಸಿಗ್ತಾರೆ ಸ್ವಾಮಿ' ಎಂದರು. ಆ ದೀರ್ಘವನ್ನು ಹಾಕಿಸಿಕೊಂಡು ಬರಲು ಏಳು ವಾರ ಹಿಡಿಯಿತು. ಅಂದಿನಿಂದ ಆ ಗುಮಾಸ್ತ ಅತ್ತೆಯನ್ನು ಕಂಡರೆ ಎದ್ದು ನಿಲ್ಲುತ್ತಿದ್ದ.

ಇತ್ತ ಅಂಗಡಿಗೆ ಬೀಗ ಬಿದ್ದಿತ್ತು. ಹೊಲಿಗೆಯಾಕೆ ತನ್ನ ಮನೆಯ ಹೊಸ್ತಿಲಲ್ಲಿ ಕೂತು ಹಳೆಯ ಚೀಲ ಹೊಲಿಯುತ್ತ ದಿನ ನೂಕುತ್ತಿದ್ದಳು. 'ಬಿಟ್ಬಿಡಿ ಅಕ್ಕ, ನನ್ನಿಂದ ಅಣ್ಣ ತಂಗಿ ದೂರ ಆಗೋದು ಬೇಡ' ಎಂದು ಅತ್ತೆಯ ಕೈ ಹಿಡಿದುಕೊಂಡಳಂತೆ. 'ನಿನ್ನ ಸಲುವಾಗಿ ಅಲ್ಲ ಕಣೆ. ಅವನು ಹೇಳಿದ್ದಾನೆ, ಅಷ್ಟೆ' ಎಂದರಂತೆ ಅತ್ತೆ. ಉಯಿಲಿಗೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದ ವೈದ್ಯರು ಗತಿಸಿದ್ದರು. ಇನ್ನೊಬ್ಬ, ನಿವೃತ್ತ ಅಂಚೆಯವ, ಮಗಳ ಊರಿನಲ್ಲಿದ್ದ. ಅತ್ತೆ ಮೂರು ಊರು ಸುತ್ತಿ ಅವನನ್ನು ಹುಡುಕಿ ಕರೆತಂದರು. ತನ್ನೆದುರೇ ಸಹಿಯಾಯಿತೆಂದು ಅವನು ಹೇಳಿದ. ಅಪ್ಪನ ವಕೀಲರಿಗೆ ಉಳಿದದ್ದು ಒಂದೇ ದಾರಿ. ಅವರು ಅತ್ತೆಯನ್ನು ಸಾಕ್ಷಿಕಟ್ಟೆಗೆ ಕರೆದರು.

'ನಾಲ್ಕನೇ ತರಗತಿ ದಾಟದ ಮನುಷ್ಯ ಸ್ವಯಾರ್ಜಿತ, ಮರಣಾನಂತರ ಅಂತೆಲ್ಲ ಬರೀತಾನೇನಮ್ಮ? ಇದು ನಿಮ್ಮ ಭಾಷೆ. ನೀವೇ ಹೇಳಿ ಬರೆಸಿದ್ದು. ಹೌದೋ ಅಲ್ಲವೋ?'

'ಆ ಪದಗಳು ನಮ್ಮ ಅಚ್ಚುಕೂಟದ್ದೇ ಸ್ವಾಮಿ. ನಾನು ತಂದುಕೊಡ್ತಿದ್ದ ಕಾನೂನು ನಮೂನೆಗಳ ರದ್ದಿ ಹಾಳೆ ಮೇಲೇ ಅವನು ಗಿರಾಕಿಗಳ ಪಾದ ಇಡಿಸಿ ಗೆರೆ ಎಳೀತಿದ್ದ. ಎಳೀತಾ ಎಳೀತಾ ಓದ್ತಿದ್ದ. ಬರೆಸಿದ್ದು ನಾನಲ್ಲ. ನಾನಾಗಿದ್ರೆ ಹನ್ನೊಂದು ತಪ್ಪು ಇರ್ತಿರಲಿಲ್ಲ.'

ನ್ಯಾಯಾಧೀಶರು ತಲೆಯೆತ್ತಿದರು. 'ಹನ್ನೊಂದಾ?'

ಕಾಗದ ಅವರ ಮೇಜಿನ ಮೇಲಿತ್ತು. ಅತ್ತೆ ಬರಿಗೈಯಲ್ಲಿ ನಿಂತಿದ್ದರು. 'ಎರಡನೇ ಸಾಲು, ಸ್ವಯಾರ್ಜಿತಕ್ಕೆ ದೀರ್ಘ ಇಲ್ಲ. ನಾಲ್ಕನೇದು, ಹಕ್ಕಿಗೆ ಒತ್ತಿಲ್ಲ. ಆರನೇ ಸಾಲಲ್ಲಿ ಅಚ್ಚು ಅನ್ನೋದು ಎರಡು ಸಲ ಬಂದಿದೆ; ಎರಡೂ ತಪ್ಪು, ಎರಡೂ ಬೇರೆ ಬೇರೆ ತಪ್ಪು.' ನ್ಯಾಯಾಧೀಶರ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಹತ್ತಾದ ಮೇಲೆ ಬೆರಳು ನಿಂತಿತು.

'ಹನ್ನೊಂದನೇದು ಕಾಣ್ತಿಲ್ಲವಲ್ಲಮ್ಮ.'

'ಕೊನೇ ಸಾಲು ಸ್ವಾಮಿ. ಅಕ್ಕ ಅಂತ ಬರೆಯೋ ಕಡೆ ಅಕ ಅಂತ ಬರೆದಿದ್ದಾನೆ. ಚಿಕ್ಕಂದಿನಿಂದಲೂ ಹಾಗೇ. ಅದೊಂದನ್ನ ನಾನು ಯಾವತ್ತೂ ತಿದ್ದಲಿಲ್ಲ.'

'ಈ ಉಯಿಲು ಕೈಗೆ ಬಂದಾಗಲೂ ತಿದ್ದಬೇಕು ಅನ್ನಿಸಲಿಲ್ವಾ?'

'ಅನ್ನಿಸ್ತು. ಕರಡಾಗಿದ್ರೆ ತಿದ್ದುತ್ತಿದ್ದೆ. ಇದು ಅವನ ಮಾತು.'

ನನ್ನ ಪಕ್ಕದಲ್ಲಿ ಅಪ್ಪ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಒತ್ತಿಲ್ಲದ ಆ 'ಅಕ'ವನ್ನು ಬಾಲ್ಯದಲ್ಲಿ ಸ್ಲೇಟಿನ ಮೇಲೆ, ಗೋಡೆಯ ಮೇಲೆ, ಕಾಗದಗಳಲ್ಲಿ ಅವರೂ ನೂರು ಸಲ ಕಂಡವರು. ವಕೀಲರು ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ನಿಂತು, ಕೋರ್ಟಿನ ರೀತಿನೀತಿ ಮರೆತು, 'ಸಾಕು ಬಿಡಿ. ಅವನೇ ಬರೆದಿರೋದು' ಎಂದರು.

ಮರುವಾರ ತಕರಾರನ್ನು ಹಿಂತೆಗೆದುಕೊಂಡರು. ತಿಂಗಳೊಳಗೆ ಮುದ್ರೆ ಬಿದ್ದ ಆದೇಶ ಅತ್ತೆಯ ಕೈ ಸೇರಿತು. ಅಂಗಡಿಯ ಬೀಗ ತೆರೆದ ದಿನ ಅಪ್ಪನೂ ಬಂದಿದ್ದರು. ಹೊಲಿಗೆಯಾಕೆ ನೇರ ಮೇಜಿನ ಬಳಿಗೆ ಹೋಗಿ, ಚಿಕ್ಕಪ್ಪ ಅರ್ಧಕ್ಕೆ ಬಿಟ್ಟಿದ್ದ ಜೋಡನ್ನು ಕೈಗೆತ್ತಿಕೊಂಡು, ಧೂಳು ಒರೆಸಿ, ಸೂಜಿಗೆ ದಾರ ಪೋಣಿಸಿದಳು. ಅಪ್ಪ ಬಾಗಿಲಲ್ಲೇ ನಿಂತು ನೋಡಿದರು. 'ಅವನ ಕೈಯ ಹಾಗೇ ಇದೆ ಇವಳ ಕೈ' ಎಂದರು.

ಅಂದು ನ್ಯಾಯಾಲಯದಲ್ಲಿ ನಾನು ಕೂತಿದ್ದದ್ದು ಸೋಲುವವರ ಪಕ್ಕದಲ್ಲಿ. ಆದರೂ ನನ್ನ ಮನೆತನದ ಬಗ್ಗೆ ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ. ಬದುಕಿರುವವರ ಮಾತಿಗೆ ಕಾವಲು ಬೇಕಿಲ್ಲ, ತಪ್ಪಿದರೆ ತಾವೇ ಬಂದು ಜಗಳವಾಡಿಯಾರು. ಹೋದವರಿಗೆ ಆ ಭಾಗ್ಯವಿಲ್ಲ. ಅವರ ಮಾತನ್ನು ಹಿಗ್ಗಿಸಲು, ಕುಗ್ಗಿಸಲು, ಚೆಂದಗಾಣಿಸಲು ಎಲ್ಲರಿಗೂ ಸಲುಗೆ. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಅದನ್ನು ಸೇರಬೇಕಾದಲ್ಲಿಗೆ ಸೇರಿಸುವವರು ಪ್ರತಿ ವಂಶದಲ್ಲೂ ಎಲ್ಲೋ ಒಬ್ಬರು ಇರುತ್ತಾರೆ. ಅವರಿಗೆ ಆಸ್ತಿಯಲ್ಲಿ ಪಾಲು ಬರುವುದಿಲ್ಲ, ಬರುವಂತಿದ್ದರೂ ಅವರು ಕೇಳುವುದಿಲ್ಲ. ಸತ್ತ ಮೇಲೂ ನಮ್ಮ ಮಾತು ನಡೆಯುತ್ತದೆಂಬ ಧೈರ್ಯದಿಂದ ನಾವೆಲ್ಲ ಕಣ್ಣು ಮುಚ್ಚುವುದು ಅಂಥವರನ್ನು ನಂಬಿಯೇ.