ಟಗರು ನುಂಗಿದ ಗುಳಿಗೆ

೧

ಮೊದಲ ಸಾಲಿನಲ್ಲೇ ‘ಮೊಲೆ’ ಎಂದು ಬರೆದರೆ ನೀವು ಪುಟ ತಿರುಗಿಸಿಬಿಡುತ್ತೀರಾ? ಇಲ್ಲಾ, ಇನ್ನಷ್ಟು ಹತ್ತಿರ ಹಿಡಿದು ಓದುತ್ತೀರಾ? ಎರಡಕ್ಕೂ ಹೆದರಿ ನಾನು ‘ಎದೆ’ ಎಂದು ಬರೆದೆ. ಕಥೆಯ ನಾಯಕಿ ಭಾರತಿ ಒಪ್ಪಲಿಲ್ಲ.

“ಕ್ಯಾನ್ಸರ್ ಆಗಿದ್ದು ಮೊಲಿಗಿರಿ. ಹಂಗ ಬರೀರಿ. ನಾಚಿಕಿ ಬಂದ್ರ ಬ್ಯಾರೆ ಕತಿ ನೋಡ್ಕೊರಿ.”

(ಪಾತ್ರವೇ ಹೀಗೆ ಗದರಿಸಿದರೆ ಕಥೆಗಾರನ ಮರ್ಯಾದೆ ಏನಾಗಬೇಕು? ಸರಿ, ಬರೆಯುತ್ತೇನೆ.)

೨ (ಹರಿದು ಹಾಕಿದ ಡ್ರಾಫ್ಟ್)

ಸಿಲಿಕೋನ್ ಮೊಲೆ ಎಂದ ಕೂಡಲೇ ನನಗೆ ಹೊಳೆದದ್ದು ಒಬ್ಬ ಸಿನಿಮಾ ನಟಿ, ಏಸಿ ಕೋಣೆ, ಉದ್ದನೆಯ ಕನ್ನಡಿ. ಎರಡು ಪುಟ ಬರೆದ ಮೇಲೆ ನನಗೇ ಅಸಹ್ಯವಾಯಿತು.

೩

ಭಾರತಿಗೆ ಮೂವತ್ತೈದು. ಬೋನಾಳದಲ್ಲಿ ಅಂಗನವಾಡಿ ಟೀಚರ್. ಗಂಡ ಹಣಮೇಶ, ಮಾವ ದೇವಿಂದ್ರಪ್ಪ, ಅತ್ತೆ ಅಂಬವ್ವ, ಜೊತೆಗೆ ಒಂದು ಹಟ್ಟಿ ತುಂಬ ಕುರಿ. ಹೈದರಾಬಾದಿನಲ್ಲಿ ಅವಳ ಬಲಮೊಲೆ ತೆಗೆದು, ಆ ಜಾಗದಲ್ಲಿ ಸಿಲಿಕೋನಿನ ಚೀಲ ಕೂರಿಸಿದರು. ಕುರಿ ಕಾಯುವವರ ಸೊಸೆಗೆ ಇದೆಲ್ಲ ಯಾಕೆ ಎಂದು ಊರು ಕೇಳಿತು. ಬೇಕಿತ್ತು, ಅಷ್ಟೇ. ಅದಕ್ಕೂ ಕಾರಣ ಕೊಡಬೇಕೇ?

ಹೊರಗಿನದೊಂದು ಒಳಗೆ ಕೂತರೆ ಮೈ ಅದರ ಸುತ್ತ ತೆಳ್ಳನೆಯ ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಬಿಗಿದು, ಚೀಲವನ್ನೇ ಹಿಂಡುತ್ತದೆ. ಆಗ ಮೊಲೆ ಕಲ್ಲಾಗುತ್ತದೆ, ನೋಯುತ್ತದೆ, ಮತ್ತೆ ಕೊಯ್ಯಬೇಕಾಗುತ್ತದೆ. ಹಾಗಾಗದಿರಲಿ ಎಂದು ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟರು. “ಇದು ದಮ್ಮಿನ ಗುಳಿಗೆ. ಈ ಕೆಲಸಕ್ಕೆಂದು ಮಾಡಿದ್ದಲ್ಲ. ಕೆಲವರಿಗೆ ಉಪಯೋಗವಾಗಿದೆ, ಆದರೆ ಗ್ಯಾರಂಟಿ ಕೊಡಲಾರೆ. ಒಂದು ದಿನವೂ ತಪ್ಪಿಸಬೇಡಮ್ಮ” ಎಂದರು. ಪಕ್ಕದಲ್ಲೇ ಕೂತಿದ್ದ ಹಣಮೇಶ ತಲೆಯಾಡಿಸಿದ. ಅವನಿಗೆ ಎಲ್ಲ ಅರ್ಥವಾಗಿತ್ತು ಎಂಬುದನ್ನು ದಯವಿಟ್ಟು ಗಮನಿಸಿ.

೪

ಒಂದು ಮುಂಜಾನೆ ನೋಡಿದರೆ ಗುಳಿಗೆ ಇಟ್ಟಿದ್ದ ಗೋಡೆಯ ಗೂಡು ಖಾಲಿ. ಭಾರತಿ ಹಟ್ಟಿಗೆ ಹೋದಳು.

“ಮಾವ, ಗೂಡಿನ್ಯಾಗಿದ್ದ ನನ್ನ ಗುಳಿಗಿ?”

“ಟಗರಿಗಿ ಹಾಕಿನವ್ವ. ದಮ್ಮಿನ ಗುಳಿಗಿ ಅಂತ ಹಣಮೇಶ ಅಂದ. ನಿನಗ ದಮ್ಮಿಲ್ಲ, ಅದು ನೋಡು ಹೆಂಗ ಕೆಮ್ಮಾಕತ್ತೈತಿ.”

ಈ ಮನೆಯಲ್ಲಿ ಔಷಧ ಇರುವುದು ಬೇನೆಗೆ. ಬೇನೆ ಎರಡು ಕಾಲಿನದೋ ನಾಲ್ಕು ಕಾಲಿನದೋ ಎಂದು ಯಾರೂ ಕೇಳುವುದಿಲ್ಲ. ಮುದುಕ ಗುಳಿಗೆಗಳನ್ನು ಕುಟ್ಟಿ, ಅಂಬಲಿಯಲ್ಲಿ ಕಲಸಿ, ಬಿದಿರಿನ ಗೊಟ್ಟದಿಂದ ಟಗರಿನ ಗಂಟಲಿಗೆ ಸುರಿದಿದ್ದ. ಭಾರತಿಯ ಬಾಯಿಗೆ ಬಂದ ಮಾತು ಮಾವನ ಮುಖ ನೋಡಿ ಹಿಂದಕ್ಕೆ ಹೋಯಿತು. ಒಳಗೆ ಬಂದು ಗಂಡನಿಗೆ, “ನಿಮ್ಮಪ್ಪಗ ಅದು ಯಾತರದು ಅಂತ ಬಿಡಿಸಿ ಹೇಳ್ರಿ” ಎಂದಳು.

“ಹೇಳ್ತೀನಿ ಬಿಡು.”

ಸುರಪುರದ ಮೆಡಿಕಲ್ ಅಂಗಡಿಯ ಬಾಷುಮಿಯಾನಿಗೆ ಆ ಗುಳಿಗೆಯನ್ನು ಕಲಬುರಗಿಯಿಂದ ತರಿಸಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಬಲಮೊಲೆ ಒಂದು ಕಡೆ ಬಿಗಿಯತೊಡಗಿತ್ತು. ಗುಳಿಗೆ ತರಲು ಹಣಮೇಶನೇ ಹೋದ, ತಂದ. ತಂದವನು ನೇರ ಹಟ್ಟಿಗೆ ಹೋಗಿ ಅಪ್ಪನ ಕೈಗೆ ಕೊಟ್ಟ. ಟಗರಿನ ಕೆಮ್ಮು ನಿಂತಿತ್ತಲ್ಲ, ಈಗ ಮರಿಗಳ ಸರದಿ.

(ಟಗರು ತಾನಾಗಿಯೇ ಚೇತರಿಸಿಕೊಂಡಿತೆಂದು ನನ್ನ ಗುಮಾನಿ. ಆದರೆ ಟಗರಿನ ಮಾತು ಈಗ ಯಾರಿಗೆ ಬೇಕು?)

೫

ಎರಡನೇ ಸಲ ಭಾರತಿ ಮಾತು ನುಂಗಿ ಒಳಗೆ ಬರಲಿಲ್ಲ. ಹಟ್ಟಿಯ ಬಾಗಿಲಲ್ಲೇ ನಿಂತಳು.

“ಮಾವ, ಅದು ನನ್ನ ಮೊಲಿಗಿ ಕೊಟ್ಟ ಗುಳಿಗಿ. ಕೊಯ್ದು ಹೊಲಿದಾರಲ್ಲ, ಅದು ಕಲ್ಲಾಗಬಾರದಂತ ಕೊಟ್ಟಾರ.”

ಅಂಬವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಣಮೇಶ ಕೂಗಿದ: “ಅಪ್ಪನ ಮುಂದ ಏನ್ ಮಾತಾಡ್ತಿ? ನಾಚಿಕಿ ಬಿಟ್ಟಿಯೇನ?”

ದೇವಿಂದ್ರಪ್ಪ ಗೊಟ್ಟ ಕೆಳಗಿಟ್ಟ. “ನನಗ ಯಾರು ಹೇಳಿದ್ರವ್ವ?” ಎಂದು ಸೊಸೆಯನ್ನು ಕೇಳಿ, ಮಗನತ್ತ ನೋಡಿದ. “ನಿನಗ ಗೊತ್ತಿತ್ತೇನಲೇ?”

ಹಣಮೇಶ ಮರಿಗಳನ್ನು ಎಣಿಸತೊಡಗಿದ.

“ಅವರಿಗಿ ಗೊತ್ತಿತ್ತು ಮಾವ. ನಿಮ್ಮ ಮುಂದ ಆ ಮಾತು ಆಡೂದಕ್ಕಿಂತ ಕುರಿಗಿ ಹಾಕೂದು ಸಲೀಸಾತು.”

೬

ಇಲ್ಲಿ ನಾನು ಬಾಯಿ ಹಾಕಿದೆ. ಹಣಮೇಶ ಕೆಟ್ಟವನಲ್ಲ, ಸಂಕೋಚದ ಸ್ವಭಾವ, ಅದಕ್ಕೊಂದು ಹಿನ್ನೆಲೆ ಬರೆಯೋಣ ಎಂದೆ.

“ಅವರ ಪರ ವಕೀಲಕಿ ಮಾಡಬ್ಯಾಡ್ರಿ. ಮತ್ತ ಕೊಯ್ಯೂದು ಬಂದ್ರ ಟೇಬಲ್ ಮ್ಯಾಲ ಮಲಗಾಕಿ ನಾ. ಅವರ ಸಂಕೋಚ ಅಲ್ಲಿ ಬಂದು ಮಲಗತೈತೇನು?”

ಹಿನ್ನೆಲೆ ಬರೆಯುವುದನ್ನು ಕೈಬಿಟ್ಟೆ. ನಿಮ್ಮ ಬಳಿ ಉತ್ತರವಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ.

೭

ಮುಕ್ತಾಯ ಒಂದು: ಗುಳಿಗೆ ಮತ್ತೆ ಶುರುವಾಗಿ, ಬಿಗಿತ ಇಳಿದು, ಗಂಡ ಕ್ಷಮೆ ಕೇಳುತ್ತಾನೆ. (ಹಣಮೇಶನನ್ನು ನೋಡಿದರೆ ನಂಬಿಕೆ ಬರುವುದಿಲ್ಲ.)

ಮುಕ್ತಾಯ ಎರಡು: ಪೊರೆ ಕಲ್ಲಾಗಿ ಮತ್ತೆ ಹೈದರಾಬಾದು, ಮತ್ತೆ ಕತ್ತರಿ. ನೀವು ಕಣ್ಣೊರೆಸಿಕೊಳ್ಳುತ್ತೀರಿ. (ಪತ್ರಿಕೆಯವರಿಗೆ ಇದೇ ಇಷ್ಟ.)

ಎರಡನ್ನೂ ಭಾರತಿಗೆ ಓದಿ ಹೇಳಿದೆ; ಯಾವುದನ್ನೂ ಒಪ್ಪಲಿಲ್ಲ. ಈಗ ಅವಳೇ ಸುರಪುರಕ್ಕೆ ಹೋಗಿ ಗುಳಿಗೆ ತರುತ್ತಾಳೆ, ಅಂಗನವಾಡಿಯ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾಳೆ. ಮೊನ್ನೆ ಹೈದರಾಬಾದಿನಲ್ಲಿ ತೋರಿಸಿಕೊಂಡೂ ಬಂದಿದ್ದಾಳೆ. ಡಾಕ್ಟರಮ್ಮ ಏನೆಂದರು ಎಂದು ನನಗೂ ಹೇಳಿಲ್ಲ.

“ಕಥೆ ಮುಗಿಸಬೇಕಲ್ಲವ್ವ,” ಎಂದು ಬೇಡಿಕೊಂಡೆ. “ಇಷ್ಟಾದರೂ ಹೇಳು. ಈಗ ಮೆತ್ತಗಿದೆಯೋ, ಗಟ್ಟಿಯಾಗಿದೆಯೋ?”

ಅವಳು ನನ್ನನ್ನು ನೋಡಿದಳು. ಆಮೇಲೆ, ನನ್ನ ಹೆಗಲ ಮೇಲಿಂದ ಇಣುಕುತ್ತಿರುವ ನಿಮ್ಮನ್ನೂ ನೋಡಿದಳು.

“ಊರಾಗ ಮಂದಿ ಹಿಂದಿಂದ ಕೇಳ್ತಾರ, ನೀವು ಮುಂದ ಬಂದು ಕೇಳಾಕತ್ತೀರಿ. ಗುಳಿಗಿ ಎಲ್ಲಿ ಹೋತು ಅಂತ ಹೇಳೀನಿ, ಯಾರು ಹಾಕಿದ್ರಂತ ಹೇಳೀನಿ. ಮುಟ್ಟಿ ನೋಡಾಕ ನಿಮಗ ಕೊಟ್ಟಿಲ್ಲ. ನಡೀರಿ.”